ಕೆನ್ನೆಗೆ ಒತ್ತಿದ ಎಲೆ

ನನ್ನ ದೊಡ್ಡವ್ವನ ಎಡಗೆನ್ನೆಯ ಮೇಲೆ ಸದಾ ಒಂದು ಹಸಿರು ಗೀಟು ಇರುತ್ತಿತ್ತು. ಉರಿಬಿಸಿಲಿನಲ್ಲಿ ಹೊಲಕ್ಕೆ ಹೋಗಿ ಮೆಣಸಿನ ಗಿಡದ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರುವಳು. ಎಲೆ ತಣ್ಣಗಿದ್ದರೆ ನೀರು ಸಾಕಾಗಿದೆ, ಬೆಚ್ಚಗಿದ್ದರೆ ಗಿಡ ಬಾಯಾರಿದೆ. ಗಿಡಕ್ಕೆ ಜ್ವರ ನೋಡುತ್ತಾಳೆಂದು ಹತ್ತಿಮತ್ತೂರಿನ ಹೆಂಗಸರು ನಗುತ್ತಿದ್ದರು. ಬಿತ್ತನೆಯ ಮಾತು ಬಂದರೆ ಮಾತ್ರ ಅವಳ ಕಟ್ಟೆಗೇ ಬಂದು ಕೂರುತ್ತಿದ್ದರು.

ಅದು ಎಂಬತ್ತರ ದಶಕದ ಆರಂಭ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನೇ ನನ್ನನ್ನು ಧಾರವಾಡದಲ್ಲಿ ಕೃಷಿ ಓದಿಸುತ್ತಿದ್ದ. ರಜೆಗೆ ಬಂದಿದ್ದೆ, ಪುಸ್ತಕವನ್ನೆಲ್ಲ ಅರೆದು ಕುಡಿದವಳ ಜಂಬ ಬೇರೆ. ದೊಡ್ಡವ್ವ ನಾಲ್ಕು ಮಡಿಗಳಲ್ಲಿ ಮೆಣಸಿನ ಸಸಿ ಬೆಳೆಸಿದ್ದಳು. ಕಿತ್ತು ಹೊಲಕ್ಕೆ ಹಚ್ಚಲು ಎಂಟು ದಿನವಿದ್ದಾಗ ನೀರು ನಿಲ್ಲಿಸಿಬಿಟ್ಟಳು. ಅದು ಅವಳ ಅತ್ತೆಯಿಂದ ಬಂದ ಪದ್ಧತಿ. ಒಂದು ಹನಿಯನ್ನೂ ಹಾಕಬಾರದೆಂದು ನನಗೆ ಹೇಳಿ, ಹಂಸಭಾವಿಯ ತವರಿಗೆ ಹೋದಳು.

ಎಲೆ ಜೋತುಬಿದ್ದದ್ದನ್ನು ನೋಡಲಾಗಲಿಲ್ಲ. ಬಾಡಿದ ಗಿಡಕ್ಕೆ ನೀರು ಬೇಕೆಂದು ನನ್ನ ಪುಸ್ತಕವೂ ಹೇಳುತ್ತಿತ್ತು. ಅವಳು ಬರುವವರೆಗೆ ಮೂರು ಮಡಿಗೆ ದಿನವೂ ಕೊಡ ಹೊತ್ತು ಹಾಕಿದೆ. ನಾಲ್ಕನೆಯದು ಬಾವಿಗೆ ದೂರ. ಸೊಂಟ ನೋಯುತ್ತದೆಂದು ಅದನ್ನು ಬಿಟ್ಟೆ.

ಸಸಿ ಹಚ್ಚಿದ ಮೇಲೆ ಮಳೆ ಕೈಕೊಟ್ಟಿತು. ನಾನು ನೀರುಣಿಸಿದ ಸಸಿಗಳು ಹತ್ತು ದಿನದೊಳಗೆ ನೆಲಕ್ಕೆ ಮಲಗಿ ಒಣಗಿದವು. ನಾಲ್ಕನೆಯ ಮಡಿಯ ಗಿಡ್ಡ ಸಸಿಗಳು ಹಗಲು ಬಾಡಿದರೂ ಬೆಳಿಗ್ಗೆ ತಲೆಯೆತ್ತಿ ನಿಲ್ಲುತ್ತಿದ್ದವು. ಮುಕ್ಕಾಲು ಬೆಳೆ ನನ್ನ ಕೈಯಿಂದಲೇ ಹೋಗಿತ್ತು. ದೊಡ್ಡಪ್ಪ ಮುಂಗೋಪಿ, ತಿಳಿದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡವ್ವ ಸತ್ತ ಸಸಿಯೊಂದನ್ನು ಕಿತ್ತು ಆಳಕ್ಕಿಳಿಯದೆ ಮೇಲುಮೇಲೆಯೇ ಹರಡಿದ್ದ ಬೇರು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಗಂಡನಿಗೆ ಮಳೆ ತಡವಾಯಿತೆಂದಷ್ಟೇ ಹೇಳಿದಳು. ನನಗೆ ಹೇಳಿದ್ದು ಬೇರೆ.

"ಬರ ಬರತೈತಿ ಅನ್ನೋ ಸುದ್ದಿ ಗಿಡಕ್ಕ ಮೊದಲ ಮುಟ್ಟಬೇಕ ಯವ್ವಾ. ಮುಟ್ಟಿದ್ದು ತಯಾರಾಗತೈತಿ. ಬೇರಿಗೆ ಗೊತ್ತಾಗಿದ್ದನ್ನ ಎಲಿಗೆ ಯಾರು ಹೇಳ್ತಾರ, ಒಳಗ ಯಾರು ಕೇಳ್ತಾರ, ಅದನ್ನ ನಿಮ್ಮ ಮಾಸ್ತರನ್ನ ಕೇಳ್ಕೊಂಡ ಬಾ."

ಕೇಳಿದೆ. ಮಾಸ್ತರರು, ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಅದನ್ನೇ ತಂದು ಒಪ್ಪಿಸಿದಾಗ ದೊಡ್ಡವ್ವನಿಗೆ ಖುಷಿಯಾಯಿತು.

"ಗೊತ್ತಿಲ್ಲಂದ್ರಲ್ಲ, ಚಲೋ ಮಾಸ್ತರ ಅದಾರ ಬಿಡು."

ಆ ದಶಕ ಮುಗಿಯುವ ಮೊದಲೇ ಅವಳು ಹೋದಳು. ಕಡೆಯ ಸಲ ನೋಡಲು ಹೋದಾಗಲೂ ಕೇಳಿದ್ದು ಗೊತ್ತಾಯಿತೇ ಎಂದು. ಇಲ್ಲ ಅಂದೆ. ಉತ್ತರ ಬಂದದ್ದು ವರ್ಷಗಳ ನಂತರ, ತುಂಡು ತುಂಡಾಗಿ. ಬೇರು ಒಣಗಿದ ಸುದ್ದಿ ಎಲೆಗೆ ಏರುತ್ತದೆ. ಅಲ್ಲಿ ಜೀವಕೋಶದೊಳಗಿನ ಕೆಲವು ಪ್ರೋಟೀನುಗಳು ಜೀನ್‌ಗಳ ಬಾಗಿಲಲ್ಲಿ ಕೂತು, ಮಲಗಿದ್ದ ಜೀನ್‌ಗಳನ್ನು ಎಬ್ಬಿಸುತ್ತವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಅವುಗಳ ಹೆಸರು. ಅಂಥ ಒಂದು ಪ್ರೋಟೀನು ಎದ್ದರೆ ಎಷ್ಟೋ ಜೀನ್‌ಗಳು ಒಟ್ಟಿಗೆ ಏಳುತ್ತವೆ. ಚಿಗುರು ನಿಲ್ಲುತ್ತದೆ, ಬೇರು ಆಳಕ್ಕಿಳಿಯುತ್ತದೆ, ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ. ರಂಧ್ರ ಮುಚ್ಚಿದ ಎಲೆ ಬೆವರುವುದಿಲ್ಲ, ಹಾಗಾಗಿಯೇ ಬೆಚ್ಚಗಾಗುತ್ತದೆ. ಅದನ್ನು ಓದಿದ ದಿನ ಅವಳ ಕೆನ್ನೆಯ ಹಸಿರು ಗೀಟು ನೆನಪಾಯಿತು. ಅಕ್ಷರ ಬಾರದ ನಮ್ಮ ದೊಡ್ಡವ್ವ ಇದನ್ನು ಕೆನ್ನೆಯಿಂದ ಓದುತ್ತಿದ್ದಳು. ಹೇಳೋಣವೆಂದರೆ ಅವಳೇ ಇರಲಿಲ್ಲ.

ಈಗ ನಾನೂ ಪಾಠ ಹೇಳುವವಳು. ಈ ಪಾಠ ಬಂದಾಗಲೆಲ್ಲ ಮೊದಲು ವಿದ್ಯಾರ್ಥಿಗಳಿಗೆ ನಾಲ್ಕು ಮಡಿಗಳ ಕಥೆ ಹೇಳುತ್ತೇನೆ. ಮೂರಕ್ಕೆ ನೀರು ಹಾಕಿದವಳು ನಾನೇ ಎನ್ನುತ್ತೇನೆ. ದೊಡ್ಡವ್ವ ಅದನ್ನು ಸಾಯುವತನಕ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾನಿವತ್ತು ಅವರ ಮುಂದೆ ನಿಂತಿರುತ್ತಿರಲಿಲ್ಲ.