ಸುರೇಬಾನದ ಕುಸ್ತಿ ಕಿತ್ತೂರಿಗೆ ಕೇಳಿಸಿತು

2005ರ ಬೇಸಿಗೆ. ಆಗ ನಾನು ಬೈಲಹೊಂಗಲದಲ್ಲಿ ಪತ್ರಿಕೆಯೊಂದರ ವರದಿಗಾರ. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ದೊಡ್ಡ ಕುಸ್ತಿ ಇಟ್ಟಿದ್ದರು. ಕೊನೆಯ ಜೋಡಿ ಕಿತ್ತೂರಿನ ಬಸವರಾಜ ಮತ್ತು ಕೊಲ್ಹಾಪುರದ ಒಬ್ಬ ಪೈಲ್ವಾನ. ಹಿಂದಿನ ವರ್ಷ ಬಸವರಾಜನನ್ನು ಅಂಗಾತ ಕೆಡವಿ ಚಿತ್ ಮಾಡಿದ್ದವನೇ ಅವನು.

ಬಸವರಾಜನ ಉಸ್ತಾದ ರುದ್ರಪ್ಪನವರು ಕಾಲು ಮುರಿದುಕೊಂಡು ಕಿತ್ತೂರಿನ ಮನೆಯಲ್ಲಿ ಮಲಗಿದ್ದರು. ಮಾತನಾಡಿಸಲು ಹೋದಾಗ ನನ್ನ ಮೊಬೈಲ್ ಕಡೆ ಕೈ ತೋರಿಸಿದರು. "ಅವನ ಒಂದ ಕುಸ್ತಿನೂ ನಾ ಬಿಟ್ಟಿಲ್ಲ ತಮ್ಮಾ. ನೋಡೂದಂತೂ ಆಗೂದಿಲ್ಲ, ಇದರಾಗ ಕೇಳಾಕರ ಬರತೈತೇನು?"

ಅವರ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. "ಬರತೈತ್ರಿ, ನಾ ಹೇಳತೇನಿ" ಎಂದು ಮಾತು ಕೊಟ್ಟೆ.

ಮನೆಗೆ ಬಂದ ಮೇಲೆ ನೆನಪಾಯಿತು, ನನ್ನ ಸಿಮ್ಮಿಗೆ ಸುರೇಬಾನದಲ್ಲಿ ಸಿಗ್ನಲ್ಲೇ ಇಲ್ಲ. ಅಲ್ಲಿ ಸಿಗುವುದು ಬೇರೆ ಕಂಪನಿಯದು. ನನ್ನದೋ ಸಿಮ್ ಕಂಪನಿಯವರೇ ಅಗ್ಗಕ್ಕೆ ಕೊಟ್ಟ ಫೋನ್. ಬೇರೆಯವರ ಸಿಮ್ ಹಾಕಿದರೆ ನಡೆಯದಂತೆ ಲಾಕ್ ಮಾಡಿದ್ದರು. ಕುಸ್ತಿಯ ಹಿಂದಿನ ದಿನ ಅದನ್ನು ಬೈಲಹೊಂಗಲ ಬಜಾರಿನ ರಿಪೇರಿ ಅಂಗಡಿಗೆ ಒಯ್ದೆ.

"ಲಾಕ್ ತಗದ್ರ ತಗೀತು ಸರ. ಇಲ್ಲಂದ್ರ ಗ್ವಾಡಿಗಿ ಮೊಳಿ ಬಡ್ಯಾಕ ಬರತೈತಿ, ಒಗೀಬ್ಯಾಡ್ರಿ" ಎಂದ ಅಂಗಡಿಯವ.

ಲಾಕ್ ತೆರೆದುಕೊಂಡಿತು. ಸುರೇಬಾನದಲ್ಲಿ ಸಿಗುವ ಕಂಪನಿಯ ಹೊಸ ಸಿಮ್ಮನ್ನೂ ಅಲ್ಲೇ ಕೊಂಡೆ. ಆದರೆ ಅದು ಚಾಲೂ ಆಗುವುದು ಮರುದಿನ ಮಧ್ಯಾಹ್ನ ಎಂದರು. ಕುಸ್ತಿಯೂ ಆಗಲೇ. ಹೀಗಾಗಿ ಪರೀಕ್ಷೆ ಮಾಡದ ಫೋನನ್ನೇ ಕಿಸೆಯಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಬಸ್ ಹತ್ತಿದೆ.

ಸುರೇಬಾನದಲ್ಲಿ ಕುಸ್ತಿಗೆ ಬಡಿಯುವ ಹಲಗಿಯ ಸದ್ದು ಕಿವಿ ತುಂಬಿತ್ತು. ಕೊನೆಯ ಜೋಡಿಯ ಹೆಸರು ಕೂಗಿದಾಗ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿ ತೆಗೆದು, ಸಿಮ್ ಬದಲಿಸಿದೆ. ಪರದೆ ಹೊತ್ತಿಕೊಂಡಿತು. ಸಿಗ್ನಲ್ಲಿನ ಜಾಗ ಖಾಲಿ. ಆಮೇಲೆ ಒಂದು ಗೆರೆ ಬಂತು, ಇನ್ನೊಂದು ಬಂತು, ನೋಡನೋಡುತ್ತ ಪೂರ್ತಿ ಏರಿತು!

ರುದ್ರಪ್ಪನವರ ನಂಬರು ಹುಡುಕಿದೆ. ಒಂದೂ ಹೆಸರಿಲ್ಲ. ನಂಬರುಗಳೆಲ್ಲ ಹಳೆಯ ಸಿಮ್ಮಿನಲ್ಲೇ ಉಳಿದಿದ್ದವು. ಮತ್ತೆ ಬದಲಿಸುವಷ್ಟು ಹೊತ್ತಿರಲಿಲ್ಲ. ಅಖಾಡದ ಅಂಚಿಗೆ ಓಡಿದೆ.

"ಬಸವರಾಜ, ಉಸ್ತಾದರ ಮನಿ ನಂಬರ್ ಹೇಳೋ!"

ತೋಳಿಗೆ ಕೆಂಪು ಮಣ್ಣು ತಿಕ್ಕಿಕೊಳ್ಳುತ್ತಲೇ ಆತ ತಪ್ಪಿಲ್ಲದೆ ಹೇಳಿದ. ನಂಬರ್ ಒತ್ತಿದೆ, ಅತ್ತ ರಿಂಗ್ ಆಯಿತು. ರುದ್ರಪ್ಪನವರ "ಹಲೋ" ಕೇಳಿದ್ದೇ ಫೋನನ್ನು ಬಸವರಾಜನ ಕಿವಿಗೆ ಹಿಡಿದೆ. ಉಸ್ತಾದರ ಕಾಲು ಮುಟ್ಟದೆ ಆತ ಎಂದೂ ಕಣಕ್ಕಿಳಿದವನಲ್ಲ.

"ಉಸ್ತಾದರ, ಕಾಲಿಗಿ ಬೀಳತೇನ್ರಿ" ಎಂದು ಬಗ್ಗಿ ಮಣ್ಣು ಮುಟ್ಟಿ ಒಳಗೆ ಹೋದ.

ನಾನು ಶುರುಮಾಡಿದೆ. "ಕೊಲ್ಹಾಪುರದವ ಮುಂದ ನುಗ್ಗ್ಯಾನ್ರಿ. ಬಸವರಾಜ ಹಿಂದ ಸರದಾನ್ರಿ. ಭಾರೀ ಸಂಖ್ಯೆಯ ಪ್ರೇಕ್ಷಕರು..."

"ಪೇಪರ್ ಓದಬ್ಯಾಡೋ! ಅವನ ಕೈ ಎಲ್ಲಿ ಅದಾವ, ಅದನ್ನ ಹೇಳು!"

ಆಮೇಲೆ ಕೈ, ಕಾಲು, ಕುತ್ತಿಗೆ ಬಿಟ್ಟು ಬೇರೇನೂ ಹೇಳಲಿಲ್ಲ. ಎರಡು ಸಲ ಬಸವರಾಜ ಕೆಳಗೆ ಬಿದ್ದು ನುಣುಚಿಕೊಂಡ. ಕೊನೆಗೆ ಎದುರಾಳಿಯನ್ನು ಬೋರಲು ಕೆಡವಿ ಬೆನ್ನ ಮೇಲೆ ಕುಳಿತ. ಆದರೆ ಹೊರಳಿಸಿ ಚಿತ್ ಮಾಡಬೇಕಲ್ಲ!

"ಮ್ಯಾಲ ಕುಂತಾನ್ರಿ, ಹೊರಳಸಾಕ ಆಗವಲ್ದು!"

"ಘಿಸ್ಸಾ! ಘಿಸ್ಸಾ ಹಾಕಂತ ಹೇಳು!"

ಅದು ಕೆಳಗಿದ್ದವನನ್ನು ಹೊರಳಿಸುವ ಪಟ್ಟು. ಕೂಗಿದೆ, ಹಲಗಿ ಸದ್ದಿನಲ್ಲಿ ನನ್ನ ದನಿ ಮುಳುಗಿತು. ಬ್ಯಾಗ್ ಅಲ್ಲೇ ಎಸೆದು, ಮಣ್ಣಿನ ತನಕ ನುಗ್ಗಿ ಗಂಟಲು ಹರಿಯುವಂತೆ ಅರಚಿದೆ. "ಬಸ್ಯಾ, ಘಿಸ್ಸಾ ಹಾಕೋ! ಉಸ್ತಾದರು ಹೇಳ್ಯಾರ!"

ಬಸವರಾಜನ ತಲೆ ಒಮ್ಮೆ ನನ್ನ ಕಡೆ ತಿರುಗಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೊಲ್ಹಾಪುರದ ಪೈಲ್ವಾನನ ಎರಡೂ ಭುಜ ಕೆಂಪು ಮಣ್ಣಿನಲ್ಲಿದ್ದವು. ಜನ ಎದ್ದು ನಿಂತರು. ಪಕ್ಕದವರೊಬ್ಬರು ನನ್ನ ಅಂಗಿ ಹಿಡಿದು ಎಳೆದರು. "ಪೇಪರಿನವರ, ಹಿಂದ ಬರ್ರಿ! ನೀವೂ ಕುಸ್ತಿ ಹಿಡೀತೀರೇನ?"

"ಚಿತ್ ಮಾಡಿದಾನ್ರಿ ಉಸ್ತಾದರ! ಚಿತ್!"

ಅತ್ತ ಕಡೆಯಿಂದ ಫಟ್ಟನೆ ತೊಡೆ ತಟ್ಟಿದ ಸದ್ದು. ಹಿಂದೆಯೇ ಅವರ ಹೆಂಡತಿಯ ಕೂಗು: "ಅಯ್ಯ, ಮುರದ ಕಾಲರೀ ಅದು! ತೊಡಿ ತಟ್ಟಬ್ಯಾಡ್ರಿ!"

ಮತ್ತೊಮ್ಮೆ ಫಟ್.

ಮರುದಿನದ ಪತ್ರಿಕೆಗೆ ನಾನು ಬರೆದದ್ದು ಊರು, ಹೆಸರು, ಫಲಿತಾಂಶ ಅಷ್ಟೇ. ವರದಿಗಾರ ಯಾರ ಪಕ್ಷವನ್ನೂ ವಹಿಸಬಾರದು ಎಂದು ಇಂದಿಗೂ ಹೊಸಬರಿಗೆ ಹೇಳುತ್ತೇನೆ. ಹೇಳುವಾಗಲೆಲ್ಲ ಕಿವಿಯಲ್ಲಿ ಆ ಎರಡನೆಯ ಫಟ್ ಕೇಳಿಸಿ, ನಗು ತಡೆದುಕೊಳ್ಳುತ್ತೇನೆ.