ಎರಡಕ್ಷರದವಳು

ಆಫೀಸಿನಲ್ಲಿ ಅವಳಿಗೆ ‘ಎರಡಕ್ಷರ’ ಎಂದು ಅಡ್ಡಹೆಸರಿಟ್ಟವನು ನಾನೇ. ಹೊಗಳಿಕೆಗಲ್ಲ, ಹೊಟ್ಟೆಕಿಚ್ಚಿಗೆ. ಇಬ್ಬರೂ ಕೋಡ್ ಬರೆಯುವವರು, ಅಕ್ಕಪಕ್ಕದ ಮೇಜು. ಕಂಪ್ಯೂಟರಿಗೆ ಅಪ್ಪಣೆ ಕೊಡುವ ‘ಟರ್ಮಿನಲ್’ ಎಂಬ ಕಪ್ಪು ಕಿಟಕಿಯಲ್ಲಿ ನಾನು ಮಾರುದ್ದದ ಕಮಾಂಡನ್ನು ಕುಟ್ಟಿ, ತಪ್ಪಿ, ಅಳಿಸಿ, ಮತ್ತೆ ಕುಟ್ಟುವಷ್ಟರಲ್ಲಿ ಅವಳು ಎರಡೇ ಅಕ್ಷರ ಒತ್ತಿ ಕೆಲಸ ಮುಗಿಸಿರುತ್ತಿದ್ದಳು. ಪ್ರತಿ ಉದ್ದ ಕಮಾಂಡಿಗೂ ಒಂದು ಗಿಡ್ಡ ಹೆಸರು ಇಟ್ಟುಕೊಂಡಿದ್ದಳು. ಹೋದ ತಿಂಗಳು ಬರೆದ ಸಾಲು ಬೇಕೆಂದರೆ ಅದರ ಒಂದು ತುಂಡು ಟೈಪ್ ಮಾಡಿದರೆ ಸಾಕು, ಇಡೀ ಸಾಲು ಎದ್ದು ಬರುತ್ತಿತ್ತು. ಮೌಸ್ ಮುಟ್ಟುತ್ತಲೇ ಇರಲಿಲ್ಲ. ಅದು ಡ್ರಾಯರ್‌ನಲ್ಲಿ ಸೇಫ್ಟಿ ಪಿನ್ನುಗಳ ಜೊತೆ ಬಿದ್ದಿತ್ತು. ಎಂಥಾ ಧಿಮಾಕು ಅಂದುಕೊಂಡಿದ್ದೆ.

ನನಗೆ ಹದಿನಾಲ್ಕು ವರ್ಷದ ಅನುಭವ, ಅವಳಿಗೆ ಆರು. ಆದರೂ ಸಂಜೆ ಐದಾಗುತ್ತಲೇ ಬ್ಯಾಗು ಹೆಗಲಿಗೇರಿಸುತ್ತಿದ್ದಳು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಹಗಲು ನೋಡಿಕೊಳ್ಳುವವಳು ಐದೂವರೆಗೆ ಹೊರಟುಬಿಡುತ್ತಿದ್ದಳು. ಇದನ್ನು ನಾನು ನನ್ನ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಅವ್ಳಿಗೆ ಐದಕ್ಕೆ ಮುಗಿಯೋ ಕೆಲ್ಸ ನಿಮಗ್ಯಾಕ್ರೀ ಎಂಟಾದ್ರೂ ಮುಗಿಯಲ್ಲ?" ಎಂದಳು ಹೆಂಡತಿ.

ಅಷ್ಟರಲ್ಲಿ ಟೀಮ್ ಲೀಡ್ ಜಾಗ ಖಾಲಿಯಾಯಿತು. ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದು, "ಈ ತಿಂಗಳ ಕೆಲ್ಸ ನೋಡಿ ನಿಮ್ಮಿಬ್ರಲ್ಲಿ ಒಬ್ರಿಗೆ ಕೊಡ್ತೀನಿ" ಎಂದರು. ಆ ಕುರ್ಚಿ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಸಿಗಬಾರದಿತ್ತು.

ಮರುದಿನ ಅವಳು ಊಟಕ್ಕೆ ಎದ್ದುಹೋದಾಗ ಅವಳ ಕಂಪ್ಯೂಟರ್ ತೆರೆದೇ ಇತ್ತು. ನಮ್ಮ ಕಸುಬಿನಲ್ಲಿ ಇಂಥ ಗುಟ್ಟೆಲ್ಲ ಚುಕ್ಕಿಯಿಂದ ಶುರುವಾಗುವ ಹೆಸರಿನ ಸೆಟ್ಟಿಂಗ್ ಫೈಲುಗಳಲ್ಲಿರುತ್ತದೆ. ಸುಮ್ಮನೆ ನೋಡಿದರೆ ಅವು ಕಣ್ಣಿಗೆ ಬೀಳುವುದಿಲ್ಲ. ಅಷ್ಟನ್ನೂ ಪೆನ್ ಡ್ರೈವಿಗೆ ಹಾಕಿಕೊಂಡು ಬಂದು ನನ್ನ ಕಂಪ್ಯೂಟರಿಗೆ ಸುರಿದೆ. ಒಂದನ್ನೂ ತೆರೆದು ಓದಲಿಲ್ಲ. ಕದ್ದವನಿಗೆ ಓದುವ ತಾಳ್ಮೆ ಎಲ್ಲಿಂದ ಬರಬೇಕು?

ಆ ತಿಂಗಳು ನನ್ನನ್ನು ಹಿಡಿಯುವವರೇ ಇರಲಿಲ್ಲ. ಎರಡಕ್ಷರ, ಎಂಟರ್. ವರ್ಷದಿಂದ ಎಲ್ಲರನ್ನೂ ಕಾಡಿದ್ದ ಎರಡು ಬಗ್‌ಗಳನ್ನು ಹುಡುಕಿ ಸರಿ ಮಾಡಿದೆ. ಆರಕ್ಕೆಲ್ಲ ಮನೆ ಸೇರುತ್ತಿದ್ದೆ. ಹೆಂಡತಿ "ಮೈ ಹುಷಾರಿದೆ ತಾನೇ?" ಎಂದು ಹಣೆ ಮುಟ್ಟಿ ನೋಡಿದಳು.

ತಿಂಗಳ ಕೊನೆಗೆ ಮ್ಯಾನೇಜರ್ ಗೋಡೆಯ ಪರದೆಯ ಮೇಲೆ ಒಂದು ಪಟ್ಟಿ ತೆರೆದರು. ಯಾವ ಕೋಡ್ ಯಾರದ್ದು ಎಂದು ಕಂಪ್ಯೂಟರೇ ಬರೆದಿಡುವ ಪಟ್ಟಿ ಅದು. ಮೇಲಿಂದ ಕೆಳಗೆ ಅವಳದೇ ಹೆಸರು. ನಾನು ಸರಿ ಮಾಡಿದ ಎರಡು ಬಗ್‌ಗಳ ಮುಂದೆಯೂ ಅವಳದೇ. ನನ್ನ ಹೆಸರು ಮೊದಲ ದಿನ ಇದ್ದದ್ದು, ಆಮೇಲೆ ನಾಪತ್ತೆ. ಕೆಲಸ ಯಾರ ಹೆಸರಿಗೆ ಸೇರಬೇಕು ಅನ್ನುವುದು ಕೂಡ ಆ ಚುಕ್ಕಿ ಫೈಲುಗಳಲ್ಲೇ ಇರುತ್ತದೆ. ಹದಿನಾಲ್ಕು ವರ್ಷದ ಅನುಭವಕ್ಕೆ ಅಷ್ಟು ನೆನಪಿರಬೇಕಿತ್ತು.

"ಇದೇನು, ಎಲ್ಲಾ ಒಬ್ರದ್ದೇ?" ಎಂದರು ಮ್ಯಾನೇಜರ್. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲ ಮೇಲೆ ಹೋಗಿರಬೇಕು. ಬಾಯಿ ಬಿಟ್ಟರೆ ಕಳ್ಳ, ಮುಚ್ಚಿಕೊಂಡರೆ ಸೋತವನು. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಸರ್, ಇದ್ರಲ್ಲಿ ಅರ್ಧ ನಂದಲ್ಲ. ನನ್ನ ಸೆಟ್ಟಿಂಗ್ಸ್ ನಾನೇ ಈ ಅಣ್ಣಂಗೆ ಕೊಟ್ಟಿದ್ದೆ. ಹೆಸ್ರು ಬದಲಾಯಿಸ್ಕೊಳ್ಳಿ ಅಂತ ಹೇಳೋದು ಮರ್ತೆ. ಆ ಎರಡು ಬಗ್ ಸರಿ ಮಾಡಿದ್ದು ಅವ್ರೇ."

ಹೆಸರು ತಿದ್ದಿ ನೋಡಿದಾಗ ನಾನು ಒಂದು ಕೂದಲೆಳೆ ಮುಂದಿದ್ದೆ. ಕುರ್ಚಿ ನನ್ನದಾಯಿತು.

ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಕೇಳಿದ್ರೆ ಕೊಡ್ತಿರ್ಲಿಲ್ವಾ ಅಣ್ಣಾ?" ಕುರ್ತಾದ ತೋಳು ಮಡಚಿ ಬಲಗೈ ಮಣಿಕಟ್ಟು ತೋರಿಸಿದಳು. ಉದ್ದಕ್ಕೆ ಹೊಲಿಗೆಯ ಗುರುತು. "ಸ್ಕೂಟರಿಂದ ಬಿದ್ದು ಮುರ್ಕೊಂಡಿದ್ದೆ. ಮೌಸ್ ಹಿಡಿಯಕ್ಕಾಗಲ್ಲ, ಜಾಸ್ತಿ ಟೈಪ್ ಮಾಡಿದ್ರೂ ನೋಯತ್ತೆ. ಅದಕ್ಕೇ ಎಲ್ಲಾನೂ ಎರಡಕ್ಷರಕ್ಕೆ ಇಳಿಸ್ಕೊಂಡೆ."

ಈಗ ಟೀಮ್ ಲೀಡ್ ನಾನು. ಐದಕ್ಕೆ ಅವಳು ಬ್ಯಾಗು ಏರಿಸಿ, "ಬರ್ತೀನಿ ಅಣ್ಣಾ" ಎಂದು ಹೊರಡುತ್ತಾಳೆ. ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಮೊದಲು ಅವಳ ವೇಗಕ್ಕೆ ಉರಿಯುತ್ತಿತ್ತು, ಈಗ ಅವಳ ಮನಸ್ಸಿಗೆ. ವೇಗವನ್ನಾದರೂ ಕದಿಯಬಹುದಿತ್ತು.