ಬಣ್ಣ ಬಿಟ್ಟ ಚಿಪ್‌ಗಳು

ಕಾರು ಕಂಪನಿ ನನ್ನನ್ನು ಲೇಆಫ್ ಮಾಡಿ ಎಂಟು ತಿಂಗಳಾದ ಮೇಲೆ ಶಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ವಿಕ್ಸಮ್ ಎಂಬ ಊರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾರೂ ಕದ್ದು ಕೇಳಲಾಗದಂಥ ಫೋನುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಪಕ್ಕದಲ್ಲಿದ್ದ ಸ್ವಿಚ್ ಆಫ್ ಮಾಡಿದರೆ ಮೈಕಿಗೂ ಕ್ಯಾಮೆರಾಕ್ಕೂ ಕರೆಂಟೇ ಹೋಗುತ್ತಿರಲಿಲ್ಲ. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗೆ ಆಶ್ರಯ ಕೊಡುವ ಸಂಸ್ಥೆಯೊಂದು ನಮ್ಮ ದೊಡ್ಡ ಗಿರಾಕಿ.

ಹೊರಗಿನಿಂದ ಬಂದ ಚಿಪ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪಕ್ಕದ ಮೇಜಿನಲ್ಲಿ ಧಾರವಾಡದ ಕಡೆಯ ಅಂಕಲ್ ಕೂರುತ್ತಿದ್ದರು. ಅರವತ್ತು ದಾಟಿದ ಅವರೂ ನನ್ನಂತೆಯೇ ಕೆಲಸ ಕಳೆದುಕೊಂಡ ಎಂಜಿನಿಯರ್.

ಫೆಬ್ರವರಿಯ ಒಂದು ಬೆಳಿಗ್ಗೆ ಅವರು ಹತ್ತಿಗೆ ಬಣ್ಣ ಕರಗಿಸುವ ಅಸಿಟೋನ್ ಹಚ್ಚಿ ಹೊಸ ಚಿಪ್ ಒಂದರ ಬೆನ್ನು ಒರೆಸಿದರು. ಹತ್ತಿ ಕಪ್ಪಗಾಯಿತು. "ನೋಡವಾ, ಬಣ್ಣ ಬಿಡಾಕತ್ತೈತಿ. ಹಳೇ ಚಿಪ್ ಉಜ್ಜಿ, ಮ್ಯಾಲ ಹೊಸ ನಂಬರ್ ಬರ್ದಾರ."

"ಇದೇ ಅಲ್ವಾ ಅಂಕಲ್, ಮಾತನ್ನ ಲಾಕ್ ಮಾಡೋ ಚಿಪ್ಪು?"

"ಹೂಂನವಾ. ಇದನ್ನ ಹಾಕಿದ್ರ ಯಾರ್ ಬೇಕಾದ್ರೂ ಕೇಳ್ತಾರ."

ಅದರೊಂದಿಗೆ ಬಂದ ಚಿಪ್‌ಗಳ ಇಡೀ ಲಾಟನ್ನು ತಡೆಹಿಡಿದೆವು. ಮಾಲೀಕರು ಅದನ್ನು ಮಾರಿದ ಬ್ರೋಕರ್‌ಗೆ ಫೋನ್ ಮಾಡಿ, ಪೊಲೀಸರಿಗೂ ತಿಳಿಸುವುದಾಗಿ ಹೇಳಿ ಹೊರಗೆ ಹೋದರು. ಮಧ್ಯಾಹ್ನ ನಾವಿಬ್ಬರೇ ಊಟ ಮಾಡುತ್ತಿದ್ದಾಗ ಆ ಬ್ರೋಕರೇ ನುಗ್ಗಿ ಬಂದ. ಆರಡಿ ಮೀರಿದ ಆಳು. ಚಿಪ್‌ಗಳಿದ್ದ ಟ್ರೇಗಳನ್ನು ವಾಪಸ್ ಕೊಡಿ ಎಂದು ಕಿರುಚಿದ. ಅಂಕಲ್ ಎದ್ದುಹೋಗಿ ಟ್ರೇಗಳ ಮೇಲೆ ಎರಡೂ ಕೈ ಊರಿ ನಿಂತರು. ಅವನು ಅವರ ಕತ್ತಿನ ಹಿಂಭಾಗ ಹಿಡಿದು ಮುಖವನ್ನು ಮೈಕ್ರೋಸ್ಕೋಪಿಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ರಕ್ತ ಟ್ರೇಯೊಳಕ್ಕೆ ಚಿಮ್ಮಿತು. ಅಂಕಲ್ ಕೂಗಲೂ ಇಲ್ಲ, ಕೈ ತೆಗೆಯಲೂ ಇಲ್ಲ.

ಬೋರ್ಡ್ ಬಿಗಿಯುವ ಕಬ್ಬಿಣದ ವೈಸ್ ನನ್ನ ಕೈಗೆ ಸಿಕ್ಕಿತು. ಅದನ್ನೆತ್ತಿ ಅವನ ಭುಜಕ್ಕೆ ಬೀಸಿದೆ. ಅವನು ಕುಸಿದ. ನೆಲದ ಮೇಲೆ ಚಾಚಿದ್ದ ಅವನ ಕೈಯನ್ನು ಮತ್ತೆ ಮೂರು ಸಲ ಜಜ್ಜಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ನಿಲ್ಲಿಸಬೇಕೆಂದು ಅನ್ನಿಸಲೇ ಇಲ್ಲ. ಪಕ್ಕದ ಶೆಡ್ಡಿನ ವೆಲ್ಡರ್ ಓಡಿಬಂದು ನನ್ನ ಸೊಂಟ ಹಿಡಿದು ಹಿಂದಕ್ಕೆಳೆದ.

ಎಷ್ಟು ಸಲ ಹೊಡೆದೆ ಎಂದು ಪೊಲೀಸರು ಕೇಳಿದಾಗ ಒಂದೇ ಸಲ ಎಂದುಬಿಟ್ಟೆ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಅಂಕಲ್‌ಗೆ ಕಣ್ಣಿನ ಸುತ್ತಲಿನ ಮೂಳೆ ಒಡೆದಿತ್ತು. ಒಂದೇ ಕಣ್ಣಿನಿಂದ ನನ್ನನ್ನು ದಿಟ್ಟಿಸಿ, "ಅಂವ ಬಿದ್ದ ಮ್ಯಾಲೂ ಯಾಕ್ ಹೊಡ್ದಿ?" ಎಂದರು.

"ನಿಮ್ಮನ್ನ ಸಾಯಿಸಿಬಿಡ್ತಿದ್ದ, ಅಂಕಲ್."

"ಬಿದ್ದ ಮ್ಯಾಲ ಎಲ್ಲಿಂದ ಸಾಯಿಸ್ತಾನವಾ?"

ಕಾರಿನ ಕೀಲಿ ತೆಗೆದುಕೊಂಡು ಎದ್ದೆ. ಕ್ಯಾಂಟನ್ ಎಂಬ ಊರಿನಲ್ಲಿದ್ದ ನನ್ನ ಮನೆಗೆ ಹೋಗುವ ಬದಲು ನೇರ ಪೊಲೀಸ್ ಠಾಣೆಗೆ ಹೋಗಿ, ಹೊಡೆದದ್ದು ನಾಲ್ಕು ಸಲ ಎಂದು ಬರೆದುಕೊಟ್ಟೆ.

ಅಂಕಲ್‌ರನ್ನು ಕಾಪಾಡಲು ಹೊಡೆದದ್ದೆಂದು ನನ್ನ ಮೇಲೆ ಕೇಸು ಹಾಕಲಿಲ್ಲ. ಬ್ರೋಕರ್ ಜೈಲಿಗೆ ಹೋದ, ಬಲಗೈ ಬೆರಳುಗಳು ಮಡಚಲು ಬಾರದ ಸ್ಥಿತಿಯಲ್ಲಿ. ಅಂಕಲ್‌ಗೆ ಎಡಗಣ್ಣಿನ ದೃಷ್ಟಿ ಪೂರ್ತಿ ಬರಲಿಲ್ಲ. ಅವರು ಕೆಲಸ ಬಿಟ್ಟು ಶಿಕಾಗೋದ ಮಗಳ ಮನೆ ಸೇರಿದರು. ಹೆಂಗಸರಿಗೆ ಆಶ್ರಯ ಕೊಡುವ ಆ ಸಂಸ್ಥೆಗೆ ಫೋನುಗಳು ಏಪ್ರಿಲ್‌ನಲ್ಲಿ ಹೋದವು, ಹೊಸದಾಗಿ ತರಿಸಿದ ಪ್ರತಿ ಚಿಪ್ಪನ್ನೂ ನಾನೇ ಒರೆಸಿ ನೋಡಿದ ಮೇಲೆ.